ಹಿಮನದಿ ಕುಗ್ಗಿದರೆ ಅದಕ್ಕೆ ನಾವೇ ಕಾರಣವಾ?

ಇದು ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮುಖ್ಯವಾದವನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಭೂಮಿ ಬಿಸಿಯಾಗುತ್ತಿದೆ, ಅದಕ್ಕೆ ಮನುಷ್ಯನೇ ಕಾರಣ ಅನ್ನುವುದನ್ನು ನಂಬದವರು ಇಲ್ಲಿ ಒಂದಷ್ಟು ಜನ ಇದ್ದೀರಿ. ಇವತ್ತಿನ ಮಾತು ಹೆಚ್ಚಾಗಿ ನಿಮಗೇ. ನಂಬುವವರೂ ಕೂತು ಕೇಳಿ, ನಿಮಗೂ ಅಲ್ಲಲ್ಲಿ ಇರುಸುಮುರುಸು ಆಗಬಹುದು. ಯಾಕೆಂದರೆ ಅನುಮಾನ ಪಡುವವರು ಕೇಳುವ ಪ್ರಶ್ನೆಗಳಲ್ಲಿ ಕೆಲವು ನಿಜಕ್ಕೂ ಒಳ್ಳೆಯ ಪ್ರಶ್ನೆಗಳು. "ವಿಜ್ಞಾನಿಗಳೆಲ್ಲ ಒಪ್ಪಿಕೊಂಡಿದ್ದಾರೆ, ನೀವು ಸುಮ್ನಿರಿ" ಅಂದರೆ ಅದು ಉತ್ತರ ಆಗುವುದಿಲ್ಲ. ಬಾಯಿ ಮುಚ್ಚಿಸಿದ ಹಾಗಾಗುತ್ತದೆ ಅಷ್ಟೇ. ಬಾಯಿ ಮುಚ್ಚಿಸಿಕೊಂಡವರು ಮನೆಗೆ ಹೋಗಿ ಇನ್ನಷ್ಟು ಗಟ್ಟಿಯಾಗಿ ತಮ್ಮ ಮಾತಿಗೇ ಅಂಟಿಕೊಳ್ಳುತ್ತಾರೆ.

ಈ ಚರ್ಚೆ ಹಾಳಾಗುವುದೇ ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಕಲಸಿಬಿಡುವುದರಿಂದ. ಹಿಮನದಿಗಳು ಕುಗ್ಗುತ್ತಿವೆಯಾ? ಕುಗ್ಗುತ್ತಿದ್ದರೆ ಅದಕ್ಕೆ ಬಿಸಿ ಕಾರಣವಾ ಅಥವಾ ಬೇರೆ ಏನಾದರೂ ಇದೆಯಾ? ಬಿಸಿಯೇ ಕಾರಣ ಅಂತಾದರೆ, ಆ ಬಿಸಿ ಎಲ್ಲಿಂದ ಬಂತು? ಕರಗುತ್ತಿರುವ ಹಿಮದ ಫೋಟೋ ಒಂದನ್ನು ತೋರಿಸಿ "ನೋಡಿ, ಮನುಷ್ಯ ಮಾಡಿದ ಅನಾಹುತ" ಅನ್ನುವವರು ಮೊದಲನೇ ಪ್ರಶ್ನೆಯಿಂದ ಮೂರನೆಯದಕ್ಕೆ ನೇರ ಹಾರಿಬಿಡುತ್ತಾರೆ. ಹಾಗೆ ಹಾರುವುದು ತಪ್ಪು. ಥರ್ಮಾಮೀಟರು ಜ್ವರ ಇದೆ ಅಂತ ಹೇಳುತ್ತದೆ, ಮಲೇರಿಯಾನಾ ಟೈಫಾಯ್ಡಾ ಅಂತ ಹೇಳುವುದಿಲ್ಲ. ಅದಕ್ಕೆ ರಕ್ತ ಪರೀಕ್ಷೆ ಬೇಕು. ಹಿಮನದಿ ಒಂದು ಒಳ್ಳೆಯ ಥರ್ಮಾಮೀಟರು, ಅದಕ್ಕಿಂತ ಜಾಸ್ತಿ ಏನೂ ಅಲ್ಲ. ರಕ್ತ ಪರೀಕ್ಷೆಯೂ ಆಗಿದೆ. ಅದು ಬೇರೆ ಕಡೆ ಆಗಿದೆ, ಆಮೇಲೆ ಅಲ್ಲಿಗೆ ಬರುತ್ತೇನೆ.

ಮೊದಲು ಅಳತೆಯ ಮಾತು. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ "ಎಲ್ಲ ಕಂಪ್ಯೂಟರ್ ಲೆಕ್ಕ, ಎಲ್ಲ ಮಾಡೆಲ್" ಅನ್ನುವ ಮಾತು ಪದೇ ಪದೇ ಕೇಳಿಬರುತ್ತದೆ. ಹಿಮನದಿ ಅಂದರೆ ಬೆಟ್ಟದ ಮೇಲ್ಭಾಗದಲ್ಲಿ ವರ್ಷ ವರ್ಷ ಬಿದ್ದ ಹಿಮ ಒಂದರ ಮೇಲೊಂದು ಕೂತು, ತನ್ನ ಭಾರಕ್ಕೆ ತಾನೇ ಗಟ್ಟಿ ಮಂಜುಗಡ್ಡೆಯಾಗಿ, ನಿಧಾನಕ್ಕೆ ಕೆಳಗೆ ಹರಿಯುವ ರಾಶಿ. ಮೇಲೆ ಸೇರುತ್ತದೆ, ಕೆಳಗೆ ಕರಗುತ್ತದೆ. ಇದು ವರ್ಷದ ಜಮಾ ಖರ್ಚು. ಅದನ್ನು ಅಳೆಯುವುದು ಹೇಗೆ ಗೊತ್ತಾ? ಕೋಲು ನೆಟ್ಟು. ನಿಜವಾಗಿಯೂ ಕೋಲು ನೆಟ್ಟು. ಬಿಸಿ ಹಬೆ ಉಗುಳುವ ಒಂದು ಕೊಳವೆಯನ್ನು ಗಡ್ಡೆಗೆ ಒತ್ತಿದರೆ ಅದು ಕರಗಿಸಿಕೊಂಡು ಕೆಳಗಿಳಿಯುತ್ತದೆ, ಎಂಟು ಹತ್ತು ಮೀಟರ್ ಆಳದ ತೂತು ಆಗುತ್ತದೆ. ಅದರೊಳಗೆ ಕೋಲು ಇಳಿಸುತ್ತಾರೆ. ಕೆಲವು ಕಡೆ ಅಲ್ಯೂಮಿನಿಯಂ ಕೊಳವೆ. ಹಿಮಾಚಲದ ಛೋಟಾ ಶಿಗ್ರಿಯಂಥ ಕಡೆ ಬಿದಿರು, ತುಂಡು ತುಂಡು ಜೋಡಿಸಿ ಇಳಿಸಿದ್ದು. ಬೇಸಿಗೆ ಮುಗಿದು ಹೊಸ ಹಿಮ ಬೀಳುವ ಮುಂಚೆ ಮತ್ತೆ ಹೋಗಿ ನೋಡುತ್ತಾರೆ. ಕೋಲು ಹೋದ ವರ್ಷಕ್ಕಿಂತ ಎರಡು ಮೀಟರ್ ಹೆಚ್ಚು ಹೊರಗೆ ಕಾಣುತ್ತಿದ್ದರೆ ಅಲ್ಲಿ ಎರಡು ಮೀಟರ್ ಗಡ್ಡೆ ಹೋಯಿತು ಅಂತ ಅರ್ಥ. ಗಡ್ಡೆ ನೀರಿಗಿಂತ ಸ್ವಲ್ಪ ಹಗುರ, ಹಾಗಾಗಿ ನೀರಿನ ಲೆಕ್ಕದಲ್ಲಿ ಸುಮಾರು 1.8 ಮೀಟರ್. ಮೇಲ್ಭಾಗದಲ್ಲಿ ಹಿಮ ಸೇರುವ ಜಾಗದಲ್ಲಿ ಗುಂಡಿ ತೋಡಿ, ಆ ವರ್ಷದ ಹಿಮ ಎಷ್ಟು ದಪ್ಪ ಇದೆ ಅಂತ ನೋಡಿ, ಪದರ ಪದರವಾಗಿ ತೆಗೆದು ತೂಗುತ್ತಾರೆ. ಸೇರಿದ್ದರಿಂದ ಹೋದದ್ದನ್ನು ಕಳೆದರೆ ಆಯಿತು. ಇದರಲ್ಲಿ ಮಾಡೆಲ್ ಎಲ್ಲಿದೆ ಹೇಳಿ?

ಸ್ವೀಡನ್ನಿನ ಸ್ಟೂರ್‌ಗ್ಲೇಸಿಯಾರನ್ ಅನ್ನುವ ಚಿಕ್ಕ ಹಿಮನದಿಯಲ್ಲಿ ಈ ಲೆಕ್ಕ 1946ರ ಆಸುಪಾಸಿನಿಂದ ತಪ್ಪದೆ ನಡೆದಿದೆ. ಹಿಮನದಿಗಳ ಮೂತಿ, ಅಂದರೆ ಕೆಳತುದಿ, ಎಷ್ಟು ಹಿಂದೆ ಸರಿಯಿತು, ಎಷ್ಟು ಮುಂದೆ ಬಂತು ಅನ್ನುವ ದಾಖಲೆಯನ್ನು ದೇಶ ದೇಶಗಳಿಂದ ಕಲೆಹಾಕುವ ಕೆಲಸ ಜ್ಯೂರಿಕ್‌ನಲ್ಲಿ ಶುರುವಾಗಿದ್ದು 1894ರಲ್ಲಿ. ಹವಾಮಾನ ಬದಲಾವಣೆ ಅನ್ನುವ ರಾಜಕೀಯವೇ ಹುಟ್ಟದ ಕಾಲ ಅದು. ಆ ಸರಪಳಿ ಇವತ್ತಿಗೂ ಮುಂದುವರಿದಿದೆ, ವಿಶ್ವ ಹಿಮನದಿ ವೀಕ್ಷಣಾ ಸೇವೆ ಅನ್ನುವ ಹೆಸರಿನಲ್ಲಿ. ಕೋಲು ನೆಟ್ಟಿರುವುದು ಕೆಲವೇ ನೂರು ಹಿಮನದಿಗಳಲ್ಲಿ, ಒಟ್ಟು ಹಿಮನದಿಗಳು ಎರಡು ಲಕ್ಷಕ್ಕೂ ಜಾಸ್ತಿ ಇವೆ. ಹಾಗಾದರೆ ಉಳಿದವುಗಳ ಕಥೆ ಏನು ಅನ್ನುವುದು ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಟ್ಟಿದ್ದು ಉಪಗ್ರಹ. ಮೇಲಿನಿಂದ ತೆಗೆದ ಜೋಡಿ ಚಿತ್ರಗಳಿಂದ ಪ್ರತಿ ಹಿಮನದಿಯ ಎತ್ತರ ಎಷ್ಟು ಇಳಿಯಿತು ಅಂತ ಲೆಕ್ಕ ಹಾಕಿ 2021ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 26,700 ಕೋಟಿ ಟನ್ ಹಿಮ ಹೋಗಿದೆ. 2025ರಲ್ಲಿ ಹಲವು ತಂಡಗಳು ಬೇರೆ ಬೇರೆ ವಿಧಾನದಲ್ಲಿ ಅಳೆದದ್ದನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ವರ್ಷಕ್ಕೆ 27,300 ಕೋಟಿ ಟನ್ ಅಂತ ಬಂತು. ಕೋಲು, ಜೋಡಿ ಚಿತ್ರ, ಲೇಸರ್, ಭೂಮಿಯ ಸೆಳೆತವನ್ನೇ ತೂಗುವ ಉಪಗ್ರಹ, ಇಷ್ಟೂ ಹತ್ತಿರ ಹತ್ತಿರದ ಅಂಕಿಗೇ ಬಂದು ನಿಲ್ಲುತ್ತವೆ. ಸ್ವಿಟ್ಜರ್ಲೆಂಡ್ ಒಂದೇ 2022 ಮತ್ತು 2023, ಈ ಎರಡೇ ವರ್ಷದಲ್ಲಿ ತನ್ನ ಹಿಮನದಿಗಳ ಹತ್ತಿರ ಹತ್ತಿರ ಹತ್ತನೇ ಒಂದು ಭಾಗ ಕಳೆದುಕೊಂಡಿತು.

ಹಾಗಾಗಿ ಮೊದಲನೇ ಪ್ರಶ್ನೆಯ ಮೇಲೆ ಅನುಮಾನ ಪಡುವುದಕ್ಕೆ ಜಾಗ ಇಲ್ಲ ಅಂತ ನನ್ನ ಅಭಿಪ್ರಾಯ. ಆದರೆ ಈ ಅನುಮಾನ ಜನರಲ್ಲಿ ಯಾಕೆ ಇಷ್ಟು ಬೇರು ಬಿಟ್ಟಿತು ಅಂತ ಕೇಳಿಕೊಂಡರೆ, ತಪ್ಪು ಅನುಮಾನ ಪಟ್ಟವರದ್ದು ಮಾತ್ರ ಅಲ್ಲ. ಹವಾಮಾನ ಬದಲಾವಣೆಯ ಬಗ್ಗೆ ವರದಿ ಕೊಡುವ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿ. ಅದರ 2007ರ ವರದಿಯಲ್ಲಿ 2035ರ ಹೊತ್ತಿಗೆ, ಪ್ರಾಯಶಃ ಅದಕ್ಕೂ ಮುಂಚೆ, ಹಿಮಾಲಯದ ಹಿಮನದಿಗಳು ಮಾಯವಾಗುವ ಸಾಧ್ಯತೆ ತುಂಬಾ ಇದೆ ಅಂತ ಒಂದು ಸಾಲು ಇತ್ತು. ನೂರಾರು ಮೀಟರ್ ದಪ್ಪದ ಗಡ್ಡೆ ಮೂವತ್ತು ವರ್ಷಕ್ಕೆ ಕರಗುವುದು ಸಾಧ್ಯವೇ ಇಲ್ಲ, ಹಿಮನದಿಯ ಮೇಲೆ ಕೆಲಸ ಮಾಡಿದ ಯಾರಿಗಾದರೂ ಅದು ನೋಡಿದ ತಕ್ಷಣ ಗೊತ್ತಾಗುವಂಥದ್ದು. ಆ ಸಾಲಿನ ಮೂಲ ಹುಡುಕುತ್ತಾ ಹೋದರೆ ಸಿಕ್ಕಿದ್ದು ತಜ್ಞರು ಪರಿಶೀಲಿಸಿದ ಸಂಶೋಧನೆ ಅಲ್ಲ, ಒಂದು ಸಂಘಟನೆಯ ವರದಿ, ಅದರ ಹಿಂದೆ ಒಂದು ಪತ್ರಿಕೆಯಲ್ಲಿ ಬಂದ ಮಾತು. 2009ರಲ್ಲಿ ಭೂವಿಜ್ಞಾನಿ ವಿ.ಕೆ. ರೈನಾ ಅವರು ಭಾರತದ ಪರಿಸರ ಸಚಿವಾಲಯಕ್ಕೆ ಬರೆದ ವರದಿಯಲ್ಲಿ ಹಿಮಾಲಯದ ಹಿಮನದಿಗಳು ಅಸಹಜ ವೇಗದಲ್ಲಿ ಹಿಂದೆ ಸರಿಯುತ್ತಿವೆ ಅನ್ನುವುದಕ್ಕೆ ಪುರಾವೆ ಕಾಣುತ್ತಿಲ್ಲ ಅಂದರು. ಆಗಿನ ಐಪಿಸಿಸಿ ಅಧ್ಯಕ್ಷರು ಅದನ್ನು ಮಾಟಮಂತ್ರದ ವಿಜ್ಞಾನ ಅನ್ನುವ ಅರ್ಥದ ಮಾತಾಡಿ ತಳ್ಳಿಹಾಕಿದರು. ಎರಡೇ ತಿಂಗಳಲ್ಲಿ, 2010ರ ಜನವರಿಯಲ್ಲಿ, ಐಪಿಸಿಸಿ ಆ ಸಾಲನ್ನು ವಾಪಸ್ ತೆಗೆದುಕೊಳ್ಳಬೇಕಾಯಿತು. ಅಮೆರಿಕದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ 2020ಕ್ಕೆ ಹಿಮನದಿಗಳೆಲ್ಲ ಹೋಗಿರುತ್ತವೆ ಅಂತ ಫಲಕ ಹಾಕಿದ್ದರು, ಆ ವರ್ಷ ಬರುವ ಹೊತ್ತಿಗೆ ಫಲಕವನ್ನೇ ಬದಲಾಯಿಸಿದರು.

ಇದು ನನಗೆ ಸಿಟ್ಟು ತರಿಸುವ ವಿಷಯ. ಹೆದರಿಸುವ ಆತುರದಲ್ಲಿ ತಾರೀಖು ಕೊಟ್ಟವರು, ಚಳಿಯಲ್ಲಿ ಕೋಲು ನೆಟ್ಟು ಅಳೆದವರ ಇಷ್ಟು ವರ್ಷದ ಕೆಲಸಕ್ಕೆ ಮಸಿ ಬಳಿದರು. ಅನುಮಾನದವರು ಈ ಎರಡು ಉದಾಹರಣೆಗಳನ್ನು ಇವತ್ತಿಗೂ ಎತ್ತುತ್ತಾರೆ, ಎತ್ತಲಿ, ಅದು ಅವರ ಹಕ್ಕು. ಒಂದು ಮಾತ್ರ ನೆನಪಿರಲಿ. 2035ರ ತಪ್ಪನ್ನು ಹಿಡಿದು, ಜಾಡು ಹುಡುಕಿ, ಹೊರಗೆ ಹಾಕಿದವರಲ್ಲಿ ಹಿಮನದಿ ವಿಜ್ಞಾನಿಗಳೇ ಮುಂದೆ ಇದ್ದರು. ಆ ವಿಜ್ಞಾನಿಗಳು ಬಿಸಿಯನ್ನು ಅಲ್ಲಗಳೆಯಲಿಲ್ಲ. ತಾರೀಖು ತಪ್ಪು, ದಿಕ್ಕು ಸರಿ ಅಂದರು.

ಈಗ ಎರಡನೇ ಪ್ರಶ್ನೆ. ಹಿಮನದಿ ಕುಗ್ಗುವುದಕ್ಕೆ ಬಿಸಿಯೇ ಕಾರಣ ಆಗಬೇಕು ಅಂತಿಲ್ಲ. ಹಿಮ ಬೀಳುವುದು ಕಡಿಮೆಯಾದರೂ ಕುಗ್ಗುತ್ತದೆ. ಮೇಲೆ ಮಸಿ, ದೂಳು ಕೂತು ಬಿಸಿಲನ್ನು ಹೀರಿದರೂ ಕರಗುತ್ತದೆ. ಇದಕ್ಕೆ ಪ್ರಸಿದ್ಧ ಉದಾಹರಣೆ ಆಫ್ರಿಕಾದ ಕಿಲಿಮಂಜಾರೋ ಬೆಟ್ಟ. 1912ರಲ್ಲಿ ಅಲ್ಲಿ ಸುಮಾರು 12 ಚದರ ಕಿಲೋಮೀಟರ್ ಹಿಮ ಇತ್ತು, 2011ರ ಹೊತ್ತಿಗೆ 2 ಚದರ ಕಿಲೋಮೀಟರಿಗಿಂತ ಕಡಿಮೆ ಉಳಿದಿತ್ತು. ಬಿಸಿಯಾಗುವ ಭೂಮಿಯ ಗುರುತಾಗಿ ಆ ಬೆಟ್ಟದ ಚಿತ್ರವನ್ನು ಎಲ್ಲೆಲ್ಲೂ ತೋರಿಸಿದರು. ಆದರೆ ಅಲ್ಲಿ ಕೆಲಸ ಮಾಡಿದ ಗೇಯೊರ್ಗ್ ಕಾಸರ್ ಮುಂತಾದವರು ಬೇರೆಯೇ ಮಾತು ಹೇಳಿದರು. ಆ ತುದಿಯಲ್ಲಿ ಗಾಳಿ ಸಾಮಾನ್ಯವಾಗಿ ಸೊನ್ನೆ ಡಿಗ್ರಿಗಿಂತ ಕೆಳಗೇ ಇರುತ್ತದೆ, ಹಿಮ ನೀರಾಗದೆ ನೇರವಾಗಿ ಆವಿಯಾಗಿ ಹೋಗುತ್ತದೆ, ಹಿಮದ ಹತ್ತಿರ ಹತ್ತಿರ ಅರ್ಧ ಭಾಗ 1950ರ ದಶಕಕ್ಕೆ ಮೊದಲೇ ಹೋಗಿತ್ತು, ಹಾಗಾಗಿ ಮುಖ್ಯ ಕಾರಣ ಗಾಳಿ ಒಣಗಿದ್ದು, ಹಿಮ ಬೀಳುವುದು ಕಡಿಮೆಯಾದದ್ದು ಅಂತ. ಅದನ್ನು ಒಪ್ಪಿಕೊಳ್ಳುವುದರಲ್ಲಿ ಕಷ್ಟ ಏನಿದೆ? ಒಂದು ಬೆಟ್ಟ ಒಂದು ಬೆಟ್ಟವೇ.

ಬೆಳೆಯುತ್ತಿರುವ ಹಿಮನದಿಗಳ ಮಾತೂ ಇದೆ. ಕಾರಾಕೋರಂ ಶ್ರೇಣಿಯಲ್ಲಿ ಹಲವು ಹಿಮನದಿಗಳು ಕುಗ್ಗುವುದಿರಲಿ, ಕೆಲವು ಕಾಲ ಸ್ವಲ್ಪ ಬೆಳೆದವು ಕೂಡ. 2005ರಲ್ಲಿ ಕೆನೆತ್ ಹೆವಿಟ್ ಅದಕ್ಕೆ ಕಾರಾಕೋರಂನ ಅಪವಾದ ಅನ್ನುವ ಅರ್ಥದ ಹೆಸರಿಟ್ಟರು. ನ್ಯೂಜಿಲೆಂಡಿನ ಫ್ರಾಂಜ್ ಜೋಸೆಫ್ ಹಿಮನದಿ 1983ರಿಂದ 2008ರ ನಡುವೆ ಮುಂದೆ ಬಂತು. ನಾರ್ವೆಯ ಬ್ರಿಕ್ಸ್‌ಡಾಲ್ 1990ರ ದಶಕದಲ್ಲಿ ಮುಂದೆ ಬಂತು. ಇವೆಲ್ಲ ನಿಜ, ಮುಚ್ಚಿಡುವಂಥದ್ದು ಏನಿಲ್ಲ. ನಾರ್ವೆಯಲ್ಲಿ ಆಗ ಚಳಿಗಾಲದ ಹಿಮ ವಿಪರೀತ ಬಿದ್ದಿತ್ತು. ನ್ಯೂಜಿಲೆಂಡಿನ ಸುತ್ತ ಆ ವರ್ಷಗಳಲ್ಲಿ ಸಮುದ್ರವೂ ಗಾಳಿಯೂ ತಣ್ಣಗಿದ್ದವು. ಆಮೇಲೆ ಎರಡೂ ಕಡೆ ಹಿಮ ರಭಸದಿಂದ ಹಿಂದೆ ಹೋಯಿತು. ಫ್ರಾಂಜ್ ಜೋಸೆಫ್ ಮೇಲೆ ಹಿಂದೆ ಕಣಿವೆಯಿಂದ ನಡೆದೇ ಹತ್ತುತ್ತಿದ್ದರು, ಈಗ ಹೆಲಿಕಾಪ್ಟರ್ ಬೇಕು. ಕಾರಾಕೋರಂ ಕೂಡ ಇತ್ತೀಚಿನ ವರ್ಷಗಳ ಅಳತೆಯಲ್ಲಿ ತೆಳ್ಳಗಾಗತೊಡಗಿದೆ. ಅಪವಾದಗಳಿಗೆ ಒಂದೊಂದಕ್ಕೂ ಸ್ಥಳೀಯ ಕಾರಣ ಇರುತ್ತದೆ. ಆದರೆ ಆಲ್ಪ್ಸ್, ಆಂಡಿಸ್, ಅಲಾಸ್ಕಾ, ಐಸ್‌ಲ್ಯಾಂಡ್, ಹಿಮಾಲಯ, ಮಳೆಗಾಲವೇ ಬೇರೆ ಬೇರೆ ಇರುವ ಈ ಎಲ್ಲ ಕಡೆ ಒಂದೇ ಕಾಲದಲ್ಲಿ ಹಿಮ ಬೀಳುವುದು ಕಡಿಮೆಯಾಯಿತು ಅನ್ನುವುದಕ್ಕೆ ದಾಖಲೆ ಇಲ್ಲ. ಎಲ್ಲ ಕಡೆ ಒಟ್ಟಿಗೆ ಏರಿದ್ದು ಬಿಸಿ ಮಾತ್ರ.

ಇಲ್ಲಿಗೆ ಅನುಮಾನದವರ ಕೈಯಲ್ಲಿರುವ ಎಲ್ಲಕ್ಕಿಂತ ಗಟ್ಟಿಯಾದ ಪ್ರಶ್ನೆ ಬರುತ್ತದೆ. ಆಲ್ಪ್ಸ್‌ನ ಹಿಮನದಿಗಳು ಹಿಂದೆ ಸರಿಯಲು ಶುರುಮಾಡಿದ್ದು 1850ರ ಸುಮಾರಿಗೆ. ಆಗ ಕಾರುಗಳೇ ಇರಲಿಲ್ಲ, ಕಲ್ಲಿದ್ದಲು ಸುಡುತ್ತಿದ್ದದ್ದೂ ಇವತ್ತಿಗೆ ಹೋಲಿಸಿದರೆ ತೀರಾ ಕಡಿಮೆ. ಅದಕ್ಕೂ ಹಿಂದಿನ ಕೆಲವು ಶತಮಾನಗಳು ಕಿರು ಹಿಮಯುಗ, ಹಿಮನದಿಗಳು ಹಳ್ಳಿಗಳ ತನಕ ಇಳಿದು ಬಂದಿದ್ದವು. ಅದು ತಾನಾಗಿ ಮುಗಿಯಿತು, ಹಿಮ ತಾನಾಗಿ ಹಿಂದೆ ಹೋಗುತ್ತಿದೆ, ಇದರಲ್ಲಿ ಮನುಷ್ಯನ ಪಾತ್ರ ಎಲ್ಲಿ? ಒಳ್ಳೆಯ ಪ್ರಶ್ನೆ, ಅಲ್ವಾ? ಇದಕ್ಕೆ ಉತ್ತರ ಕೊಡದೆ ಮುಂದೆ ಹೋಗುವವರನ್ನು ನಂಬಬೇಡಿ.

ವಿಜ್ಞಾನಿ ಬೆನ್ ಮಾರ್ಜಿಯನ್ ಮತ್ತು ಜೊತೆಗಾರರು 2014ರಲ್ಲಿ ಇದನ್ನೇ ಲೆಕ್ಕ ಹಾಕಿದರು. 1851ರಿಂದ 2010ರವರೆಗೆ ಹೋದ ಒಟ್ಟು ಹಿಮದಲ್ಲಿ ಮನುಷ್ಯನ ಪಾಲು ಸುಮಾರು ನಾಲ್ಕನೇ ಒಂದು ಭಾಗ ಮಾತ್ರ ಅಂತ ಬಂತು. ಹೌದು, ನಾಲ್ಕನೇ ಒಂದು. ಅದರಲ್ಲೂ ಅಂದಾಜಿನ ಅಂತರ ತುಂಬಾ ದೊಡ್ಡದು. ಮೊದಲರ್ಧದ ಹಿನ್ನಡೆ ಹೆಚ್ಚಾಗಿ ಪ್ರಕೃತಿಯದ್ದೇ. ಆದರೆ ಅದೇ ಲೆಕ್ಕದಲ್ಲಿ 1991ರಿಂದ 2010ರವರೆಗಿನ ಇಪ್ಪತ್ತು ವರ್ಷ ಮಾತ್ರ ತೆಗೆದುಕೊಂಡರೆ ಮನುಷ್ಯನ ಪಾಲು ಶೇ 69ರ ಸುಮಾರು, ಅದು 24 ಅಂಶ ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು. ಅನುಮಾನದವರು ಮೊದಲನೇ ಅಂಕಿ ಮಾತ್ರ ಹೇಳುತ್ತಾರೆ, ನಂಬುವವರು ಎರಡನೆಯದು ಮಾತ್ರ ಹೇಳುತ್ತಾರೆ. ಎರಡೂ ಒಂದೇ ಲೇಖನದಲ್ಲಿವೆ.

ಲೆಕ್ಕ ಬೇಡ, ಕಣ್ಣಿಗೆ ಕಾಣುವ ಪುರಾವೆ ಬೇಕು ಅನ್ನುವವರಿಗೆ ಇನ್ನೊಂದು ಇದೆ, ನನಗೆ ಅದೇ ಜಾಸ್ತಿ ಮನವರಿಕೆ ಮಾಡಿದ್ದು. ಹಿಮನದಿ ಹವೆಯ ಬದಲಾವಣೆಗೆ ತಕ್ಷಣ ಹೊಂದಿಕೊಳ್ಳುವುದಿಲ್ಲ, ಅದಕ್ಕೆ ಸಮಯ ಬೇಕು. ದೊಡ್ಡದಕ್ಕೆ ನೂರು ವರ್ಷವೂ ಆಗಬಹುದು, ಚಿಕ್ಕ ಕಡಿದಾದದ್ದಕ್ಕೆ ಕೆಲವೇ ದಶಕ ಸಾಕು. ಇವತ್ತಿನ ಹಿನ್ನಡೆ 1850ರ ಬಾಕಿ ಮಾತ್ರ ಆಗಿದ್ದರೆ ಆ ಚಿಕ್ಕವು ಯಾವಾಗಲೋ ನಿಲ್ಲಬೇಕಿತ್ತು. ನಿಂತವು ಕೂಡ! 1970ರ ದಶಕ ಮತ್ತು 80ರ ಶುರುವಿನಲ್ಲಿ ಆಲ್ಪ್ಸ್‌ನ ಬಹಳಷ್ಟು ಹಿಮನದಿಗಳು ಹಿಂದೆ ಸರಿಯುವುದು ನಿಲ್ಲಿಸಿದ್ದವು, ಮುಂದೆಯೂ ಬಂದವು. ಅಂದರೆ ಹಳೆಯ ಬಾಕಿ ಹತ್ತಿರ ಹತ್ತಿರ ತೀರಿತ್ತು. ಆಮೇಲೆ 1980ರ ದಶಕದ ಕೊನೆಯಿಂದ ಅವೇ ಹಿಮನದಿಗಳು ಮತ್ತೆ ಹಿಂದಕ್ಕೆ ತಿರುಗಿದವು. ಈ ಸಲ ಮೊದಲಿಗಿಂತ ವೇಗವಾಗಿ, ಮತ್ತೆ ನಿಲ್ಲಲೇ ಇಲ್ಲ. ಕಿರು ಹಿಮಯುಗ ಎರಡು ಸಲ ಮುಗಿಯುವುದಿಲ್ಲ.

ಇದರ ಜೊತೆಗೇ ಬರುವ ಮಾತು, ಹಿಂದೆ ಇನ್ನೂ ಬಿಸಿ ಇತ್ತಲ್ಲ ಅನ್ನುವುದು. ಅಲಾಸ್ಕಾದ ಮೆಂಡೆನ್‌ಹಾಲ್ ಹಿಮನದಿ ಸರಿದ ಜಾಗದಲ್ಲಿ ಸಾವಿರ ವರ್ಷಕ್ಕೂ ಹಳೆಯ ಮರದ ಬುಡಗಳು ನಿಂತ ನಿಲುವಿನಲ್ಲೇ ಸಿಕ್ಕಿವೆ. ಆಲ್ಪ್ಸ್‌ನಲ್ಲಿ 1991ರಲ್ಲಿ ಹಿಮ ಕರಗಿದಾಗ ಸಿಕ್ಕ ಏಟ್ಸಿ ಅನ್ನುವ ಮನುಷ್ಯನ ದೇಹ 5,300 ವರ್ಷದಷ್ಟು ಹಳೆಯದು. ಅಲ್ಲಿ ಆಗ ಹಿಮ ಕಡಿಮೆ ಇತ್ತು ಅಂತ ತಾನೇ ಅರ್ಥ? ಸರಿಯೇ. ಅದಕ್ಕೆ ಕಾರಣವೂ ಗೊತ್ತಿದೆ. ಭೂಮಿ ಸೂರ್ಯನ ಸುತ್ತ ಹೋಗುವ ದಾರಿ, ಅದರ ಓಲಾಟ ಸಾವಿರಾರು ವರ್ಷಗಳಲ್ಲಿ ನಿಧಾನಕ್ಕೆ ಬದಲಾಗುತ್ತದೆ. ಸರ್ಬಿಯಾದ ವಿಜ್ಞಾನಿ ಮಿಲಾಂಕೊವಿಚ್ ಲೆಕ್ಕ ಹಾಕಿ ತೋರಿಸಿದ್ದು ಇದನ್ನೇ. ಹತ್ತು ಸಾವಿರ ವರ್ಷದ ಹಿಂದೆ ಉತ್ತರಾರ್ಧ ಗೋಳದ ಬೇಸಿಗೆಯಲ್ಲಿ ಬಿಸಿಲು ಇವತ್ತಿಗಿಂತ ಗಣನೀಯವಾಗಿ ಜಾಸ್ತಿ ಬೀಳುತ್ತಿತ್ತು. ಅಲ್ಲಿಂದ ಇಲ್ಲಿಯವರೆಗೆ ಅದು ಇಳಿಯುತ್ತಲೇ ಬಂದಿದೆ. ಅದಕ್ಕೇ ಕಳೆದ ಕೆಲವು ಸಾವಿರ ವರ್ಷಗಳಲ್ಲಿ ಅಲ್ಲಿನ ಹಿಮನದಿಗಳು ಮೇಲೆ ಕೆಳಗೆ ಆಡುತ್ತಲೇ ಒಟ್ಟಾರೆ ಬೆಳೆಯುತ್ತಾ ಬಂದು ಕಿರು ಹಿಮಯುಗದಲ್ಲಿ ತುಂಬಾ ದೊಡ್ಡದಾದವು. ಬಿಸಿಲಿನ ಲೆಕ್ಕ ಇವತ್ತಿಗೂ ಅದೇ ದಿಕ್ಕಿನಲ್ಲಿದೆ. ಪ್ರಕೃತಿಯ ಪಾಡಿಗೆ ಬಿಟ್ಟಿದ್ದರೆ ಹಿಮ ಬೆಳೆಯುವ ಕಡೆಗೇ ವಾಲಬೇಕಿತ್ತು. ಹಳೆಯ ಮರದ ಬುಡಗಳು ಹವಾಮಾನ ತಾನಾಗಿಯೂ ಬದಲಾಗುತ್ತದೆ ಅಂತ ಸಾಬೀತು ಮಾಡುತ್ತವೆ. ಈಗಿನ ಬದಲಾವಣೆ ತಾನಾಗಿ ಆಗಿದೆ ಅಂತ ಸಾಬೀತು ಮಾಡುವುದಿಲ್ಲ. ಕಾಡ್ಗಿಚ್ಚು ಮನುಷ್ಯ ಹುಟ್ಟುವ ಮೊದಲೂ ಇತ್ತು, ಹಾಗಂತ ಬೆಂಕಿ ಹಚ್ಚಿದವನು ಸಿಗುವುದೇ ಇಲ್ಲ ಅನ್ನಲಾಗುತ್ತದೆಯೇ?

ಹಾಗಾದರೆ ಮೂರನೇ ಪ್ರಶ್ನೆ, ಬಿಸಿಗೆ ಕಾರಣ ಯಾರು. ಇಲ್ಲಿ ಒಬ್ಬ ಮನುಷ್ಯನ ಬಗ್ಗೆ ಹೇಳಲೇಬೇಕು. ಜಾನ್ ಟಿಂಡಲ್ 1857ರಲ್ಲಿ ಆಲ್ಪ್ಸ್‌ನ ಮೆರ್ ದ ಗ್ಲಾಸ್ ಹಿಮನದಿಯ ಮೇಲೆ ಗೂಟ ನೆಟ್ಟು ಅದು ದಿನಕ್ಕೆ ಎಷ್ಟು ಹರಿಯುತ್ತದೆ ಅಂತ ಅಳೆದವರು. ಎರಡು ವರ್ಷ ಕಳೆದು 1859ರಲ್ಲಿ ಲಂಡನ್ನಿನ ಪ್ರಯೋಗಶಾಲೆಯಲ್ಲಿ ಕೊಳವೆಯೊಳಗೆ ಒಂದೊಂದೇ ಅನಿಲ ತುಂಬಿ ಯಾವುದು ಶಾಖವನ್ನು ತಡೆಯುತ್ತದೆ ಅಂತ ನೋಡಿದರು. ಸಾರಜನಕ, ಆಮ್ಲಜನಕ ಶಾಖವನ್ನು ಬಿಟ್ಟುಬಿಟ್ಟವು. ನೀರಾವಿ, ಕಾರ್ಬನ್ ಡೈಆಕ್ಸೈಡ್ ಹಿಡಿದುಕೊಂಡವು. ಅವರಿಗಿಂತ ಮೂರು ವರ್ಷ ಮೊದಲೇ, 1856ರಲ್ಲಿ, ಅಮೆರಿಕದ ಯೂನಿಸ್ ಫುಟ್ ಗಾಜಿನ ಕೊಳವೆಗಳನ್ನು ಬಿಸಿಲಿಗಿಟ್ಟು ಕಾರ್ಬನ್ ಡೈಆಕ್ಸೈಡ್ ತುಂಬಿದ್ದು ಹೆಚ್ಚು ಬಿಸಿಯಾಗುವುದನ್ನು ಕಂಡಿದ್ದರು. 1896ರಲ್ಲಿ ಸ್ವೀಡನ್ನಿನ ಅರೇನಿಯಸ್ ಆ ಅನಿಲ ಹೆಚ್ಚಾದರೆ, ಕಡಿಮೆಯಾದರೆ ಭೂಮಿಯ ಬಿಸಿ ಎಷ್ಟು ಬದಲಾಗುತ್ತದೆ ಅಂತ ಕೈಯಲ್ಲೇ ಲೆಕ್ಕ ಹಾಕಿದರು. ಅವರ ತಲೆಯಲ್ಲಿದ್ದ ಪ್ರಶ್ನೆ ಕಾರ್ಖಾನೆಯದ್ದಲ್ಲ, ಹಿಮಯುಗ ಯಾಕೆ ಬಂತು ಅನ್ನುವುದು! ಹವಾಮಾನ ಬದಲಾವಣೆ ಅನ್ನುವುದು ಇತ್ತೀಚೆಗೆ ಯಾರೋ ತೆರಿಗೆ ಹಾಕಲು ಹುಟ್ಟಿಸಿದ ಕಥೆ ಅನ್ನುವವರಿಗೆ ಈ ಇಸವಿಗಳನ್ನು ತೋರಿಸಿ.

ಇನ್ನು ಆ ರಕ್ತ ಪರೀಕ್ಷೆ. ಕೈಗಾರಿಕೆಗೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 280 ಭಾಗ ಇತ್ತು. ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಅಳೆಯಲು ಶುರುಮಾಡಿದಾಗ 315ರ ಸುಮಾರು. ಈಗ 420 ದಾಟಿದೆ. ಅಂಟಾರ್ಕ್ಟಿಕಾದ ಗಡ್ಡೆಯೊಳಗೆ ಸಿಕ್ಕಿಕೊಂಡ ಹಳೆಯ ಗಾಳಿಗುಳ್ಳೆಗಳಲ್ಲಿ 8 ಲಕ್ಷ ವರ್ಷದ ದಾಖಲೆ ಇದೆ, ಅಷ್ಟೂ ಕಾಲದಲ್ಲಿ ಅದು 300 ದಾಟಿದ್ದಿಲ್ಲ. ಈ ಹೆಚ್ಚಳ ಜ್ವಾಲಾಮುಖಿಯಿಂದ ಬಂದಿದ್ದರೆ? ಕಲ್ಲಿದ್ದಲು, ಪೆಟ್ರೋಲು, ಅನಿಲ ಸುಟ್ಟು ನಾವು ವರ್ಷಕ್ಕೆ ಸುಮಾರು 3,700 ಕೋಟಿ ಟನ್ ಬಿಡುತ್ತೇವೆ, ಎಲ್ಲ ಜ್ವಾಲಾಮುಖಿಗಳೂ ಸೇರಿ ಬಿಡುವುದು ಅದರ ನೂರನೇ ಒಂದು ಭಾಗದಷ್ಟೂ ಇಲ್ಲ. ಸಮುದ್ರದಿಂದ ಬಂದಿದ್ದರೆ? ಸಮುದ್ರ ಬಿಡುವುದಕ್ಕಿಂತ ಹೆಚ್ಚು ಹೀರುತ್ತಿದೆ, ಅದರ ಆಮ್ಲತೆ ಏರುತ್ತಿರುವುದೇ ಅದಕ್ಕೆ. ಇದಕ್ಕಿಂತ ಖಚಿತವಾದ ಗುರುತು ಇಂಗಾಲದ ಒಳಗೇ ಇದೆ. ಇಂಗಾಲದಲ್ಲಿ ಹಗುರ, ಭಾರ ಅಂತ ಬಗೆಗಳಿವೆ. ಗಿಡಗಳು ಹಗುರವಾದದ್ದನ್ನೇ ಹೆಚ್ಚು ಎಳೆದುಕೊಳ್ಳುತ್ತವೆ. ಕಲ್ಲಿದ್ದಲು ಹಳೆಯ ಗಿಡ, ಹಾಗಾಗಿ ಅದನ್ನು ಸುಟ್ಟರೆ ಗಾಳಿಯಲ್ಲಿ ಹಗುರ ಇಂಗಾಲದ ಪಾಲು ಹೆಚ್ಚಬೇಕು. ಹೆಚ್ಚಿದೆ. ಇಂಗಾಲ 14 ಅನ್ನುವ ವಿಕಿರಣದ ಬಗೆ 5,730 ವರ್ಷಕ್ಕೆ ಅರ್ಧ ಆಗುತ್ತದೆ, ಕೋಟಿಗಟ್ಟಲೆ ವರ್ಷ ಹೂತಿದ್ದ ಕಲ್ಲಿದ್ದಲಿನಲ್ಲಿ ಅದು ಉಳಿದೇ ಇಲ್ಲ. ಹಾಗಾಗಿ ಗಾಳಿಯಲ್ಲಿ ಅದರ ಪಾಲು ತಗ್ಗಬೇಕು. ತಗ್ಗಿದ್ದನ್ನು ಹಾನ್ಸ್ ಸ್ಯೂಸ್ 1955ರಲ್ಲೇ ತೋರಿಸಿದರು. ಸುಡಲು ಆಮ್ಲಜನಕ ಬೇಕು, ಗಾಳಿಯಲ್ಲಿ ಆಮ್ಲಜನಕವೂ ಅದೇ ಲೆಕ್ಕಕ್ಕೆ ಚೂರು ಚೂರು ಇಳಿಯುತ್ತಿದೆ.

ಸೂರ್ಯನ ಮೇಲೆ ಅನುಮಾನ ಇರುವವರಿಗೆ ಎರಡು ಮಾತು. ಸೂರ್ಯನ ಶಾಖವನ್ನು 1978ರಿಂದ ಉಪಗ್ರಹಗಳು ನೇರವಾಗಿ ಅಳೆಯುತ್ತಿವೆ. 11 ವರ್ಷಕ್ಕೊಮ್ಮೆ ಶೇ 0.1ರಷ್ಟು ಏರಿಳಿಯುವುದು ಬಿಟ್ಟರೆ ಏರಿಕೆ ಇಲ್ಲ. ಎರಡನೆಯದು ಇನ್ನೂ ಮುಖ್ಯ. ಬಿಸಿ ಸೂರ್ಯನಿಂದ ಬಂದಿದ್ದರೆ ವಾಯುಮಂಡಲ ಮೇಲಿನಿಂದ ಕೆಳಗಿನವರೆಗೆ ಬಿಸಿಯಾಗಬೇಕು. ಅನಿಲದ ಹೊದಿಕೆ ದಪ್ಪವಾಗಿದ್ದರೆ ಕೆಳಗೆ ಬಿಸಿಯಾಗಿ, ಮೇಲಿನ ಪದರ ತಣ್ಣಗಾಗಬೇಕು. ಹವಾಮಾನ ವಿಜ್ಞಾನಿಗಳಾದ ಮನಾಬೆ ಮತ್ತು ವೆದರಾಲ್ಡ್ 1967ರಲ್ಲೇ ಹೀಗಾಗುತ್ತದೆ ಅಂತ ಲೆಕ್ಕ ಹಾಕಿ ಹೇಳಿದ್ದರು, ಅಳೆದು ನೋಡುವ ಉಪಗ್ರಹ ಇಲ್ಲದ ಕಾಲದಲ್ಲಿ. ಆಮೇಲೆ ಅಳೆದರು. ಮೇಲಿನ ಪದರ ತಣ್ಣಗಾಗುತ್ತಿದೆ. ಅದರಲ್ಲಿ ಸ್ವಲ್ಪ ಪಾಲು ಓಜೋನ್ ಕಡಿಮೆಯಾದದ್ದಕ್ಕೆ ಸೇರುತ್ತದೆ, ಆದರೆ ಎತ್ತರಕ್ಕೆ ಹೋದಷ್ಟೂ ಕಾರ್ಬನ್ ಡೈಆಕ್ಸೈಡಿನ ಪಾಲೇ ಜಾಸ್ತಿ. ಸೂರ್ಯನೂ ಅಲ್ಲ, ಕಿರು ಹಿಮಯುಗದ ಬಾಕಿಯೂ ಅಲ್ಲ, ಈ ಗುರುತನ್ನು ಬಿಟ್ಟುಹೋಗಲು ಬೇರೆ ಯಾವುದಕ್ಕೂ ಸಾಧ್ಯವಿಲ್ಲ. 2021ರ ಐಪಿಸಿಸಿ ವರದಿ 2010ರ ದಶಕದ ಹೊತ್ತಿಗೆ ಆದ ಸುಮಾರು 1.1 ಡಿಗ್ರಿ ಏರಿಕೆಯಲ್ಲಿ ಹತ್ತಿರ ಹತ್ತಿರ ಎಲ್ಲವೂ ಮನುಷ್ಯನಿಂದ ಅಂದದ್ದು ಇಂಥ ಗುರುತುಗಳನ್ನೆಲ್ಲ ಒಟ್ಟು ಇಟ್ಟುಕೊಂಡು.

ಅನುಮಾನಕ್ಕೆ ಜಾಗವೇ ಇಲ್ಲವಾ? ಬೇಕಾದಷ್ಟಿದೆ. ಕಾರ್ಬನ್ ಡೈಆಕ್ಸೈಡ್ ಎರಡು ಪಟ್ಟಾದರೆ ಕೊನೆಗೆ ಎಷ್ಟು ಬಿಸಿ ಏರುತ್ತದೆ ಅನ್ನುವುದಕ್ಕೆ ಈಗಲೂ 2.5ರಿಂದ 4 ಡಿಗ್ರಿ ಅನ್ನುವ ಅಗಲವಾದ ಉತ್ತರ ಇದೆ, ಮೋಡಗಳ ವರ್ತನೆ ಪೂರ್ತಿ ಕೈಗೆ ಸಿಕ್ಕಿಲ್ಲ. ಎತ್ತರದ ಬೆಟ್ಟಗಳಲ್ಲಿ ಹಿಮ ಎಷ್ಟು ಬೀಳುತ್ತದೆ ಅಂತ ಅಳೆಯುವ ಕೇಂದ್ರಗಳೇ ಕಡಿಮೆ. ಮಸಿಯ ಪಾಲು ಎಷ್ಟು ಅನ್ನುವುದರಲ್ಲಿ ವಿಜ್ಞಾನಿಗಳ ನಡುವೆಯೇ ಜಗಳ ಇದೆ. ಒಂದೊಂದು ದುರಂತವನ್ನೂ ಹವಾಮಾನದ ತಲೆಗೆ ಕಟ್ಟುವುದನ್ನೂ ಪ್ರಶ್ನಿಸಿ. 2021ರ ಫೆಬ್ರವರಿಯಲ್ಲಿ ಉತ್ತರಾಖಂಡದ ಚಮೋಲಿಯಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತಾಗ, ಕಾಣೆಯಾದಾಗ ಗಂಟೆಗಳೊಳಗೆ ಹಿಮನದಿ ಒಡೆಯಿತು ಅಂತ ಸುದ್ದಿ ಹಬ್ಬಿತು. ಪರಿಶೀಲಿಸಿದಾಗ ಗೊತ್ತಾಗಿದ್ದು ರೋಂಟಿ ಶಿಖರದ ಕಡಿದಾದ ಮೈಯಿಂದ ಬಂಡೆ ಮತ್ತು ಗಡ್ಡೆ ಒಟ್ಟಿಗೇ ಕಳಚಿ ಬಿದ್ದದ್ದು. ಅದಕ್ಕೆ ಬಿಸಿ ಎಷ್ಟು ಕಾರಣ ಅಂತ ಒಂದೇ ಘಟನೆಯಿಂದ ಹೇಳಲಾಗದು.

ನಿಜವಾಗಿ ಅನುಮಾನ ಪಡುವುದು ಹೇಗಿರುತ್ತದೆ ಅನ್ನುವುದಕ್ಕೆ ನನಗೆ ಇಷ್ಟವಾದ ಉದಾಹರಣೆ ರಿಚರ್ಡ್ ಮುಲ್ಲರ್. ಬರ್ಕ್ಲಿಯ ಭೌತವಿಜ್ಞಾನಿ. ತಾಪಮಾನದ ದಾಖಲೆಗಳ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ, ನಗರದ ಬಿಸಿ ಸೇರಿಕೊಂಡಿದೆ, ಕೆಟ್ಟ ಕೇಂದ್ರಗಳ ಅಂಕಿ ಸೇರಿದೆ ಅನ್ನುತ್ತಿದ್ದರು. ಸುಮ್ನೆ ಅನ್ನುತ್ತಾ ಕೂರಲಿಲ್ಲ. ತಂಡ ಕಟ್ಟಿ, ಇದ್ದಬದ್ದ ದಾಖಲೆಗಳನ್ನೆಲ್ಲ ತರಿಸಿ ಮೊದಲಿನಿಂದ ಲೆಕ್ಕ ಹಾಕಿದರು. ಹಣ ಕೊಟ್ಟವರಲ್ಲಿ ಹವಾಮಾನ ಬದಲಾವಣೆಯನ್ನು ಅನುಮಾನಿಸುವವರ ಬೆನ್ನಿಗೆ ನಿಂತಿದ್ದ ಚಾರ್ಲ್ಸ್ ಕೋಕ್ ಅವರ ಪ್ರತಿಷ್ಠಾನವೂ ಇತ್ತು. 2011ರಲ್ಲಿ ಏರಿಕೆ ನಿಜ ಅಂದರು, 2012ರಲ್ಲಿ ಅದು ಹೆಚ್ಚುಕಡಿಮೆ ಪೂರ್ತಿ ಮನುಷ್ಯನಿಂದ ಅಂದರು. ಬಂದ ಉತ್ತರ ತಮಗೆ ಬೇಕಾದದ್ದಲ್ಲ ಅಂತ ಅದನ್ನು ಮುಚ್ಚಿಡಲಿಲ್ಲ.

ಆಮೇಲೆ ಪ್ರಶ್ನೆಗಳು ಬಂದವು. ಗಾಳಿಯಲ್ಲಿ ಶೇ 0.04 ಇರುವ ಅನಿಲ ಇಷ್ಟು ದೊಡ್ಡ ಕೆಲಸ ಹೇಗೆ ಮಾಡುತ್ತದೆ ಅಂತ ಒಬ್ಬರು ಕೇಳಿದರು. ಒಣ ಗಾಳಿಯಲ್ಲಿ ಶೇ 99.9ರಷ್ಟು ಇರುವ ಸಾರಜನಕ, ಆಮ್ಲಜನಕ, ಆರ್ಗಾನ್ ಭೂಮಿಯಿಂದ ಹೊರಡುವ ಶಾಖವನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಟಿಂಡಲ್ ಕಂಡದ್ದು ಇದನ್ನೇ. ಕೆಲಸ ಮಾಡದವರ ಸಂಖ್ಯೆ ಎಷ್ಟು ದೊಡ್ಡದಿದ್ದರೂ ಇಲ್ಲಿ ಲೆಕ್ಕಕ್ಕಿಲ್ಲ. ಶಾಖ ಹಿಡಿಯುವ ಅಣುಗಳು ಎಷ್ಟಿವೆ, ಅವು ಎಷ್ಟು ಪಟ್ಟು ಹೆಚ್ಚಿದವು ಅನ್ನುವುದಷ್ಟೇ ಮುಖ್ಯ.

ಇನ್ನೊಬ್ಬರು, ಹಳೆಯ ಹಿಮದ ದಾಖಲೆಯಲ್ಲಿ ಮೊದಲು ಬಿಸಿ ಏರಿ, ನೂರಾರು ವರ್ಷ ಬಿಟ್ಟು ಕಾರ್ಬನ್ ಡೈಆಕ್ಸೈಡ್ ಏರಿದೆಯಲ್ಲ, ಕಾರಣ ಯಾವುದು ಪರಿಣಾಮ ಯಾವುದು ಅಂದರು. ಹಿಮಯುಗಗಳು ಮುಗಿಯುವಾಗ ಅಂಟಾರ್ಕ್ಟಿಕಾದ ಕೆಲವು ದಾಖಲೆಗಳಲ್ಲಿ ಹಾಗೆ ಕಂಡಿದ್ದು ನಿಜ, ನಂತರದ ಅಧ್ಯಯನಗಳಲ್ಲಿ ಅಂತರ ಬಹಳ ಕಿರಿದಾಗಿದೆ. ಆಗ ಆಟ ಶುರುಮಾಡಿದ್ದು ಭೂಮಿಯ ಓಲಾಟ. ಸಮುದ್ರ ಬೆಚ್ಚಗಾಗಿ ಅನಿಲ ಬಿಟ್ಟಿತು, ಆ ಅನಿಲ ಬಿಸಿಯನ್ನು ಇನ್ನೂ ಏರಿಸಿತು. ಅದು ಪರಿಣಾಮವೂ ಹೌದು, ಕಾರಣವೂ ಹೌದು. ಈಗ ಅನಿಲವನ್ನು ಮೊದಲೇ ನಾವು ಸುರಿದಿದ್ದೇವೆ, ಅಷ್ಟೇ ವ್ಯತ್ಯಾಸ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು ಎದ್ದು, ನಮಗೆ ಇಷ್ಟು ಹೇಳಿದಿರಿ, ನಿಮ್ಮ ಅಭಿಪ್ರಾಯ ಬದಲಾಗಬೇಕಾದರೆ ಏನು ಕಾಣಬೇಕು ಸರ್ ಅಂತ ಕೇಳಿದರು. ಬಹಳ ಖುಷಿಯಾಯಿತು, ಇದನ್ನೇ ಎಲ್ಲರೂ ಎಲ್ಲರಿಗೂ ಕೇಳಬೇಕು. ನನ್ನ ಉತ್ತರ ಇದು. ವಾಯುಮಂಡಲದ ಮೇಲಿನ ಪದರ ತಣ್ಣಗಾಗುವುದು ನಿಂತು ಕೆಳಗಿನದರ ಜೊತೆಗೇ ಬಿಸಿಯಾಗತೊಡಗಿದರೆ. ಸೂರ್ಯನ ಶಾಖ ದಶಕಗಳಿಂದ ಏರುತ್ತಿತ್ತು, ಉಪಗ್ರಹಗಳು ತಪ್ಪು ಅಳೆದಿದ್ದವು ಅಂತ ಯಾರಾದರೂ ತೋರಿಸಿಕೊಟ್ಟರೆ. ಗಾಳಿಯಲ್ಲಿ ಹೆಚ್ಚಿದ ಇಂಗಾಲ ಕಲ್ಲಿದ್ದಲಿನದ್ದಲ್ಲ ಅಂತ ಸಾಬೀತಾದರೆ. ಕಾರ್ಬನ್ ಡೈಆಕ್ಸೈಡ್ ಹೀಗೇ ಏರುತ್ತಿರುವಾಗಲೂ, ಎರಡು ಮೂರು ದಶಕ ಸತತವಾಗಿ, ಒಂದು ಬೆಟ್ಟದಲ್ಲಲ್ಲ, ಎಲ್ಲ ಖಂಡಗಳಲ್ಲೂ ನೆಟ್ಟ ಕೋಲುಗಳು ಹಿಮದೊಳಗೆ ಹೂತುಹೋಗತೊಡಗಿದರೆ. ಈ ನಾಲ್ಕು ಅಳತೆಗಳೂ ಯಾರು ಬೇಕಾದರೂ ನೋಡುವಂತೆ ಪ್ರಕಟವಾಗುತ್ತಿರುತ್ತವೆ, ನಾನೂ ನೋಡುತ್ತಿರುತ್ತೇನೆ. ಈಗ ನಿಮ್ಮ ಪಟ್ಟಿ ಹೇಳಿ ಅಂದೆ.